ಹದಿನಾರು ತುಂಬಿದವರಿಗೆ

ಸಿನಿಮಾದವರು ಆಕೆಗೆ ಕತ್ತರಿಯಮ್ಮ ಎಂದು ಹೆಸರಿಟ್ಟಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಆಕೆ ಯಾವ ಸಿನಿಮಾದ ಒಂದು ಚೂರನ್ನೂ ಕತ್ತರಿಸಿದವಳಲ್ಲ. ಆಕೆಯ ಕಚೇರಿಗೆ ಆ ಅಧಿಕಾರವೇ ಇರಲಿಲ್ಲ. ಬಂದ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ನೋಡುವುದು, ಯಾವ ವಯಸ್ಸಿನವರು ನೋಡಬಹುದು ಎಂದು ಹೇಳುವುದು, ಅಷ್ಟೇ ಕೆಲಸ. ಎಲ್ಲರಿಗೂ, ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ, ಹದಿನಾರು ತುಂಬಿದವರಿಗೆ, ಹದಿನೆಂಟು ತುಂಬಿದವರಿಗೆ. ಮೇಜಿನ ಖಾನೆಯಲ್ಲಿದ್ದದ್ದು ಈ ನಾಲ್ಕು ಮೊಹರು ಮಾತ್ರ. ಆದರೂ ಹೆಸರು ಅಂಟಿಕೊಂಡುಬಿಟ್ಟಿತ್ತು.

"ಕತ್ತರಿ ಇರೋದು ನಮ್ಮ ಬೀದಿ ಕೊನೇಲಿರೋ ದರ್ಜಿ ಹತ್ರ. ಅವನನ್ನ ಯಾರೂ ಬೈಯಲ್ಲ ನೋಡಿ," ಎಂದು ಆಕೆ ನಗುತ್ತಿದ್ದಳು. ನಿವೃತ್ತಿ ಹತ್ತಿರವಾಗುತ್ತಿದ್ದ ಹಾಗೆ ಆ ನಗುವೂ ಸವೆದುಹೋಗಿತ್ತು.

ಸಿನಿಮಾ ನೋಡುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಜನ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರಿಗೇನು ಗೊತ್ತು? ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ದಪ್ಪ ಬಟ್ಟೆ, ಎಂದೂ ಬಿಸಿಲು ಕಾಣದ ನೆಲಹಾಸಿನ ಮುಗ್ಗಲು ವಾಸನೆ. ಮುಂದೆ ಸಣ್ಣ ದೀಪ, ಬರೆದುಕೊಳ್ಳಲು ಹಲಗೆ, ಬೇಕಾದಾಗ ಸಿನಿಮಾ ನಿಲ್ಲಿಸಲು ಒಂದು ಗುಂಡಿ. ಗುಂಡು ಹಾರಿತೇ? ರಕ್ತ ಕಂಡಿತೇ? ಎಷ್ಟು ಹೊತ್ತು? ಬೈಗುಳ ಎಂಥದ್ದು? ಪ್ರೇಮ ಮಾಡುವವರನ್ನು ನೋಡಿದರೂ ಆಕೆಯ ಕೈ ತಾನಾಗಿ ಪೆನ್ನಿಗೆ ಹೋಗುತ್ತಿತ್ತು. ಹಿನ್ನೆಲೆಯ ಸಂಗೀತ ಒಂದಿಷ್ಟು ತಗ್ಗಿದರೆ ಸಾಕು, ಯಾರೋ ಸಾಯುತ್ತಾರೆ ಎಂದು ಗೊತ್ತಾಗಿಬಿಡುತ್ತಿತ್ತು. ಸಂಜೆ ಹೊರಗೆ ಬಂದರೆ ಬೀದಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಚೀಲದಲ್ಲಿ ಕಣ್ಣಿನ ಹನಿಯ ಸೀಸೆ ಇಲ್ಲದೆ ಆಕೆ ಬಸ್ಸು ಹತ್ತುತ್ತಿರಲಿಲ್ಲ.

ಮನೆಯಲ್ಲಿದ್ದವರು ಯಜಮಾನರು ಮತ್ತು ಮೊಮ್ಮಗಳು. ಯಜಮಾನರು ಲಿಫ್ಟು ರಿಪೇರಿ ಮಾಡುವವರು, ಮಾತು ಕಡಿಮೆ. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುತ್ತಿರಲಿಲ್ಲವಾದ್ದರಿಂದ ಮೊಮ್ಮಗಳು ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಕರೆದಿದ್ದರು. ಈಗ ಹದಿನಾಲ್ಕು ತುಂಬಿ, ಅಜ್ಜಿಗಿಂತ ಒಂದು ಗೇಣು ಎತ್ತರವಾಗಿ, ಆ ಹೆಸರನ್ನು ಹೊರಗಡೆ ಕರೆದರೆ ಮುಖ ಗಂಟು ಹಾಕುತ್ತಿದ್ದಳು.

ಆ ರಾಜಕೀಯದ ಸಿನಿಮಾ ಬರುತ್ತದೆಂದು ಆಕೆಗೆ ಮೊದಲು ಹೇಳಿದವಳೇ ಗುಬ್ಬಿ.

"ಅಜ್ಜಿ, ನಮ್ಮ ಕ್ಲಾಸಲ್ಲಿ ಎಲ್ಲಾರೂ ಅದನ್ನೇ ಮಾತಾಡ್ತಿದಾರೆ. ಮಂತ್ರಿ ಒಬ್ಬ ಕೊಲೆ ಮಾಡಿಸ್ತಾನಂತೆ, ಅದು ಅವನ ಆಫೀಸಲ್ಲಿ ಕೆಲಸ ಮಾಡೋನಿಗೆ ಗೊತ್ತಾಗತ್ತಂತೆ. ನೀನು ದೊಡ್ಡ ಮೊಹರು ಒತ್ತಿಬಿಟ್ರೆ ನಾನು ನಿನ್ ಜೊತೆ ಮಾತೇ ಆಡಲ್ಲ."

"ಮಾತಾಡದೆ ಇದ್ರೆ ನಂಗೂ ಸ್ವಲ್ಪ ಕಿವಿಗೆ ವಿಶ್ರಾಂತಿ," ಎಂದಳು ಕತ್ತರಿಯಮ್ಮ.

ಸಿನಿಮಾ ಬಂತು. ನೋಡುವ ಸಮಿತಿಯಲ್ಲಿ ಮೂವರು: ಅಧ್ಯಕ್ಷತೆಗೆ ಕತ್ತರಿಯಮ್ಮ, ಶಾಲೆಯಿಂದ ನಿವೃತ್ತರಾಗಿದ್ದ ಹೆಡ್‌ಮಾಸ್ಟರು, ಮಕ್ಕಳ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಲೇಡಿ ಡಾಕ್ಟರು. ಡಾಕ್ಟರಿಗೆ ಆಕೆಯ ಮಗಳಷ್ಟೇ ವಯಸ್ಸು. ಹೆಡ್‌ಮಾಸ್ಟರು ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ, ಯಾರಿಗೂ ಸೊಪ್ಪು ಹಾಕುವವರಲ್ಲ.

ಕಥೆ ಗುಬ್ಬಿ ಹೇಳಿದ್ದೇ. ಮಂತ್ರಿಯ ಆಪ್ತ ಸಹಾಯಕನೊಬ್ಬನಿಗೆ, ಕಾರ್ಮಿಕರ ಮುಖಂಡ ಸತ್ತದ್ದು ಅಪಘಾತದಲ್ಲಲ್ಲ ಎಂದು ತಿಳಿಯುತ್ತದೆ. ಅವನು ಬಾಯಿ ಬಿಡುವ ಮೊದಲೇ ಅವನನ್ನು ಹಿಡಿದೊಯ್ಯುತ್ತಾರೆ. ಇಡೀ ಸಿನಿಮಾದಲ್ಲಿ ಅತಿ ಗಟ್ಟಿಯಾದ ದೃಶ್ಯ ಅವನ ವಿಚಾರಣೆಯದು. ಆದರೆ ಅಲ್ಲಿ ಏನೂ ಕಾಣುವುದಿಲ್ಲ. ಕ್ಯಾಮೆರಾ ಮುಚ್ಚಿದ ಬಾಗಿಲ ಹೊರಗೇ ನಿಂತಿರುತ್ತದೆ. ಒಳಗೆ ನೆಲದ ಮೇಲೆ ಕುರ್ಚಿ ಎಳೆದ ಶಬ್ದ. ಆಮೇಲೆ ಮೌನ. ಆಮೇಲೆ ಏನೋ ಬಿದ್ದ ಸದ್ದು. ಮತ್ತೆ ಕುರ್ಚಿ. ಕೊನೆಗೆ ಸಹಾಯಕ ಅವರೇ ಬರೆದಿಟ್ಟ ಹೇಳಿಕೆಗೆ ಸಹಿ ಹಾಕಿ ಮನೆಗೆ ಬರುತ್ತಾನೆ, ಮಂತ್ರಿ ಮುಖ್ಯಮಂತ್ರಿಯಾಗುತ್ತಾನೆ. ಮುಗಿಯಿತು.

ದೀಪ ಹತ್ತಿದ ಕೂಡಲೇ ಹೆಡ್‌ಮಾಸ್ಟರು, "ಹದಿನೆಂಟು," ಎಂದರು. "ಕೆಟ್ಟವನಿಗೆ ಶಿಕ್ಷೆ ಆಗ್ಲಿಲ್ಲ. ಸರ್ಕಾರ ಅಂದ್ರೆ ಕಳ್ಳರ ಗುಂಪು, ಪೊಲೀಸ್ರು ಅಂದ್ರೆ ಕೂಲಿಯವ್ರು ಅಂತ ಮಕ್ಕಳ ತಲೇಲಿ ತುಂಬೋದಾ? ನಾಳೆ ಅವ್ರು ಯಾರನ್ನ ನಂಬ್ತಾರೆ?"

"ಸರ್, ಇದರಲ್ಲಿ ಒಂದು ಹನಿ ರಕ್ತ ಇಲ್ಲ," ಎಂದರು ಡಾಕ್ಟರು. "ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದು ಅರ್ಥ ಆಗತ್ತೆ. ದೊಡ್ಡವರ ಜೊತೆ ಕೂತು ನೋಡಲಿ, ಮನೇಲಿ ಮಾತಾಡ್ಲಿ. ಅದೇ ಒಳ್ಳೇದು."

ಇಬ್ಬರೂ ಆಕೆಯ ಮುಖ ನೋಡಿದರು. ಆಕೆಗೆ ಕಣ್ಣು ಉರಿಯುತ್ತಿತ್ತು. ಒಳಗೊಳಗೇ ಆಕೆ ಡಾಕ್ಟರ ಕಡೆಗಿದ್ದಳು. ಹಲಗೆಯ ಮೇಲಿನ ಕಾಗದದಲ್ಲಿ ವಿಚಾರಣೆಯ ದೃಶ್ಯದ ಎದುರು ಬರೆದದ್ದು ಒಂದೇ ಮಾತು: 'ಏನೂ ತೋರಿಸುವುದಿಲ್ಲ.' 'ದೊಡ್ಡವರ ಜೊತೆಯಲ್ಲಿ' ಎಂಬ ಮೊಹರು ಆಕೆಗೆ ಯಾವಾಗಲೂ ಇಷ್ಟ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಅದು. ಇತ್ತಲೂ ಬೆಳಕು, ಅತ್ತಲೂ ಬೆಳಕು, ಯಾರ ಜೊತೆಗೂ ಜಗಳವಿಲ್ಲ. ಆದರೆ ಹೆಡ್‌ಮಾಸ್ಟರು ಇದನ್ನು ಸುಮ್ಮನೆ ಬಿಡುವವರಲ್ಲ, ಪತ್ರಿಕೆಗೆ ಬರೆಯುತ್ತಾರೆ. ಕಚೇರಿಯ ನಿಯಮದಲ್ಲಿ ಯಾರೂ ಬಳಸದ ಒಂದು ದಾರಿ ಇತ್ತು: ಒಮ್ಮತವಾಗದಿದ್ದರೆ ಆ ವಯಸ್ಸಿನ ಕೆಲವು ಮಕ್ಕಳನ್ನೇ ಕರೆಸಿ, ಸಿನಿಮಾ ತೋರಿಸಿ, ಅವರ ಅಭಿಪ್ರಾಯ ಕೇಳಬಹುದು.

"ಮಕ್ಕಳನ್ನೇ ಕೇಳಿಬಿಡೋಣ," ಎಂದಳು. ಅದು ಜಾಣತನವಾಗಿರಲಿಲ್ಲ, ಸುಸ್ತು. ತೀರ್ಮಾನವನ್ನು ಇನ್ನೊಂದು ವಾರ ಮುಂದೆ ತಳ್ಳುವ ಆಸೆ.

ಈ ವಿಷಯ ತಿಳಿದು ಗುಬ್ಬಿ ಕುಣಿದಾಡಿದಳು. "ನನ್ನ ಕರ್ಕೊಂಡು ಹೋಗು!"

"ಪರೀಕ್ಷಕರ ಮನೆಯವ್ರು ಬರೋ ಹಾಗಿಲ್ಲ."

"ಇಂಥ ಅಜ್ಜಿ ಇದ್ದೂ ದಂಡ," ಎಂದು ಹೇಳಿ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಯಜಮಾನರು ಪೇಪರಿನ ಹಿಂದಿನಿಂದ, "ಬಾಗಿಲ ಕೀಲು ಹೋದ್ರೆ ನಾನು ಮಾಡಿಕೊಡಲ್ಲ, ನಂದು ಲಿಫ್ಟು ಮಾತ್ರ," ಎಂದರು.

ಹತ್ತಿರದ ಶಾಲೆಯೊಂದರಿಂದ ಟೀಚರೊಬ್ಬರು ಮಕ್ಕಳನ್ನು ಕರೆತಂದರು. ಹೆತ್ತವರ ಒಪ್ಪಿಗೆ ಇತ್ತು, ಬೇಡವೆನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಮೊದಲೇ ಹೇಳಿದ್ದರು. ಮಕ್ಕಳು ಮಕ್ಕಳ ಹಾಗೇ ಇದ್ದರು. ಒಬ್ಬ ಹಿಂದಕ್ಕೆ ಬಾಗುವ ಸೀಟನ್ನು ಬಾಗಿಸಿ ನೋಡುತ್ತಲೇ ಇದ್ದ. ಇನ್ನೊಬ್ಬಳು ಮಂತ್ರಿಯ ಕಾರು ಎಷ್ಟು ಬೆಲೆಯದಿರಬಹುದು ಎಂದು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಕತ್ತರಿಯಮ್ಮ ಪರದೆ ನೋಡದೆ ಅವರ ಮುಖಗಳನ್ನು ನೋಡುತ್ತ ಹಿಂದಿನ ಸಾಲಿನಲ್ಲಿ ಕೂತಳು. ಬಹಳ ವರ್ಷಗಳ ನಂತರ ಆಕೆಗೆ ಆ ಕೋಣೆ ಒಂದಿಷ್ಟು ಹಿತವೆನಿಸಿತು.

ವಿಚಾರಣೆಯ ದೃಶ್ಯ ಬಂತು. ಮುಚ್ಚಿದ ಬಾಗಿಲು. ಕುರ್ಚಿ ಎಳೆದ ಶಬ್ದ. ಮುಂದಿನ ಸಾಲಿನ ತುದಿಯಲ್ಲಿದ್ದ, ಉದ್ದ ಜಡೆಯ ಹುಡುಗಿಯೊಬ್ಬಳು ಎದ್ದಳು. ಗಡಿಬಿಡಿ ಮಾಡಲಿಲ್ಲ, ಅಳಲಿಲ್ಲ. ಪಕ್ಕದವರ ಕಾಲು ತುಳಿಯದ ಹಾಗೆ ಜೋಪಾನವಾಗಿ ನಡೆದು ಹೊರಗೆ ಹೋದಳು. ಬಚ್ಚಲಿಗೆ ಹೋಗಿರಬೇಕೆಂದು ಟೀಚರು ಸುಮ್ಮನಿದ್ದರು. ಹುಡುಗಿ ಎಷ್ಟು ಹೊತ್ತಾದರೂ ಬರಲಿಲ್ಲ. ಕತ್ತರಿಯಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಬಂದಳು.

ಕಾರಿಡಾರಿನಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಬೆನ್ನು ಗೋಡೆಗೆ ಕೊಟ್ಟು, ಹುಡುಗಿ ನೆಲದ ಮೇಲೆ ಕೂತಿದ್ದಳು. ಎರಡೂ ಕೈ ಕಿವಿಯ ಮೇಲಿದ್ದವು. ಬಾಗಿಲು ಮುಚ್ಚಿದ್ದರಿಂದ ಅಲ್ಲಿಗೆ ಯಾವ ಶಬ್ದವೂ ಕೇಳುತ್ತಿರಲಿಲ್ಲ.

ಕತ್ತರಿಯಮ್ಮನಿಗೆ ಬಗ್ಗಿ ಕೂರುವುದೆಂದರೆ ದೊಡ್ಡ ಕೆಲಸ. ಆದರೂ ಕೂತಳು. ನೀರಿನ ಬಾಟಲಿ ಮುಂದೆ ಹಿಡಿದಳು. ಹುಡುಗಿ ಕೈ ಇಳಿಸಿ ಕುಡಿದಳು.

"ಭಯ ಆಯ್ತಾ ಮಗಾ? ಅದೆಲ್ಲಾ ಸುಳ್ಳು ಕಣೆ. ಆ ಬಾಗಿಲ ಹಿಂದೆ ಯಾರೂ ಇರಲ್ಲ. ಯಾರೋ ಒಬ್ಬ ಸ್ಟುಡಿಯೋದಲ್ಲಿ ಕೂತು ಕುರ್ಚಿ ಎಳೆದಿರ್ತಾನೆ, ಅಷ್ಟೇ."

"ಗೊತ್ತು ಆಂಟಿ," ಎಂದಳು ಹುಡುಗಿ. "ಭಯ ಏನಿಲ್ಲ. ಆ ಶಬ್ದ ಬಂದ್ರೆ ನಾನು ಹೊರಗೆ ಬಂದುಬಿಡ್ತೀನಿ. ಅಭ್ಯಾಸ."

"ಅಭ್ಯಾಸ ಅಂದ್ರೆ?"

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ಆಮೇಲೆ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: "ಅಪ್ಪ ಒಳಗಿನಿಂದ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಇಡ್ತಾರೆ. ನಮ್ಮ ಮನೇಲಿ ಚಿಲಕ ಸರಿಯಿಲ್ಲ. ಅಮ್ಮ ಒಳಗಿರ್ತಾರೆ. ನಾನು ಹೊರಗೇ ಇರ್ತೀನಿ."

ಕತ್ತರಿಯಮ್ಮನ ತಲೆಯಲ್ಲಿ ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ: ಅಯ್ಯೋ ದೇವರೇ, ಇವತ್ತೇ, ನನ್ನ ಹತ್ತಿರವೇ ಯಾಕೆ? ಕೇಳದ ಹಾಗೆ ಇದ್ದುಬಿಡಬಹುದಿತ್ತು. ಹುಡುಗಿಯೂ ಆಗಲೇ ಎದ್ದು ಲಂಗದ ಧೂಳು ಕೊಡವಿಕೊಳ್ಳುತ್ತಿದ್ದಳು, ಹೇಳಿದ್ದು ದೊಡ್ಡ ವಿಷಯವೇ ಅಲ್ಲವೆಂಬ ಹಾಗೆ.

"ಕೂತ್ಕೋ," ಎಂದಳು ಕತ್ತರಿಯಮ್ಮ. "ಇನ್ನೊಬ್ರು ಆಂಟಿ ಇದಾರೆ, ಡಾಕ್ಟ್ರು. ನೀನು ನಂಗೆ ಹೇಳಿದ್ದನ್ನ ಅವರಿಗೂ ಹೇಳ್ತೀಯಾ? ನಾನು ನಿನ್ನ ಪಕ್ಕದಲ್ಲೇ ಇರ್ತೀನಿ."

"ಹೇಳಿದ್ರೆ ಅಮ್ಮ ಬೈತಾರೆ."

"ಬೈದ್ರೆ ನನ್ನ ಹೆಸ್ರು ಹೇಳು. ನಂಗೆ ಬೈಸ್ಕೊಂಡು ಅಭ್ಯಾಸ."

ಹುಡುಗಿಯ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತು. ಹೂಂ ಎಂದಳು.

ಆಮೇಲಿನದ್ದನ್ನೆಲ್ಲ ಡಾಕ್ಟರೇ ನಡೆಸಿದರು. ಹುಡುಗಿಯ ಜೊತೆ ಬೇರೆ ಕೋಣೆಯಲ್ಲಿ ಮಾತಾಡಿದರು, ಟೀಚರಿಗೆ ತಿಳಿಸಿದರು, ಮಕ್ಕಳ ರಕ್ಷಣೆ ನೋಡಿಕೊಳ್ಳುವ ಇಲಾಖೆಯವರಿಗೆ ಫೋನು ಮಾಡಿದರು. ತಾಯಿಯನ್ನು ಕರೆಸಿದಾಗ ಆಕೆ ಮೊದಲು ಹಾಗೇನೂ ಇಲ್ಲ ಎಂದೇ ಸಾಧಿಸಿದಳಂತೆ. ಬಳಿಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೌದೆಂದು ತಲೆಯಾಡಿಸಿದಳಂತೆ. ಈ ವಿಷಯ ಸಮಿತಿಯ ಮೂವರನ್ನು ಬಿಟ್ಟು ಕಚೇರಿಯಲ್ಲಿ ಯಾರ ಕಿವಿಗೂ ಬೀಳಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಆ ಹುಡುಗಿ ನಾಳೆ ಶಾಲೆಗೆ ಹೋಗಬೇಕಲ್ಲ.

ಉಳಿದ ಮಕ್ಕಳ ಅಭಿಪ್ರಾಯ ಆಗಲೇ ಬಂದಿತ್ತು. ಚೆನ್ನಾಗಿದೆ, ಸ್ವಲ್ಪ ಉದ್ದ ಆಯ್ತು, ಮಂತ್ರಿಯ ಪಾತ್ರ ಮಾಡಿದವನ ಮೀಸೆ ಅಂಟಿಸಿದ್ದು ಗೊತ್ತಾಗತ್ತೆ. ಕೆಟ್ಟವನು ಗೆದ್ದ ಬಗ್ಗೆ ಯಾರೂ ಕಣ್ಣೀರು ಹಾಕಿರಲಿಲ್ಲ.

ತೀರ್ಮಾನಕ್ಕೆ ಮೂವರೂ ಮತ್ತೆ ಕೂತರು.

"ನಾನು ಹೇಳಿರ್ಲಿಲ್ವೇ?" ಎಂದರು ಹೆಡ್‌ಮಾಸ್ಟರು. ದನಿಯಲ್ಲಿ ಗೆಲುವೇನೂ ಇರಲಿಲ್ಲ, ಅವರೂ ಕುಗ್ಗಿಹೋಗಿದ್ದರು. "ಮಗು ಎದ್ದು ಓಡಿಹೋಯ್ತು."

"ಓಡಿಹೋಗಿದ್ದಕ್ಕೇ ಬಾಯಿ ಬಿಟ್ಟಳು ಸರ್," ಎಂದರು ಡಾಕ್ಟರು. "ಈ ಸಿನಿಮಾ ನೋಡದೇ ಇದ್ದಿದ್ರೆ ಇನ್ನೆಷ್ಟು ವರ್ಷ ಹೊರಗೆ ಕೂತಿರ್ತಿದ್ಳೋ. ನಾನು ಮೊದಲು ಹೇಳಿದ್ದೇ ಹೇಳ್ತೀನಿ. ದೊಡ್ಡವರ ಜೊತೆಯಲ್ಲಿ ನೋಡ್ಲಿ."

ಕತ್ತರಿಯಮ್ಮ ಮೇಜಿನ ಖಾನೆ ಎಳೆದು ಮೊಹರುಗಳನ್ನು ನೋಡಿದಳು. 'ದೊಡ್ಡವರ ಜೊತೆಯಲ್ಲಿ' ಎಂಬುದರ ಹಿಡಿ ಕೈಯ ಎಣ್ಣೆಗೆ ಕಪ್ಪಾಗಿ ಮಿರಮಿರ ಎನ್ನುತ್ತಿತ್ತು. ಅದನ್ನು ಒತ್ತುವಾಗಲೆಲ್ಲ ಆಕೆಯ ಮನಸ್ಸಿನಲ್ಲಿದ್ದ ದೊಡ್ಡವರು ಯಾರು? ಯಜಮಾನರಂಥವರು. ಪಕ್ಕದಲ್ಲಿ ಕೂತು ಗೊರಕೆ ಹೊಡೆಯುವವರು, ಮಗು ಹೆದರಿದರೆ ಎಚ್ಚರವಾಗಿ ಏನಾಯ್ತೇ ಎನ್ನುವವರು. ಆ ಹುಡುಗಿಯ ಪಕ್ಕದ ಸೀಟಿನಲ್ಲಿ ಬಂದು ಕೂರುವ ದೊಡ್ಡವನು ಯಾರು? ಕುರ್ಚಿ ಎಳೆಯುವವನೇ ಅಲ್ಲವೇ?

"ಡಾಕ್ಟ್ರೇ," ಎಂದಳು ಮೆಲ್ಲಗೆ. "ಅವತ್ತು ಹೊರಗೆ ನಾನಿದ್ದೆ, ನೀವಿದ್ರಿ. ಥಿಯೇಟರಿನಲ್ಲಿ ಎದ್ದು ಹೊರಗೆ ಬಂದ್ರೆ ಯಾರಿರ್ತಾರೆ? ಟಿಕೆಟ್ ಹರಿಯೋನು, ನೆಲ ಒರೆಸೋಳು. ಅವರಿಗೆ ಅವರ ಕೆಲಸವೇ ಹೊರೆ. ಸಿನಿಮಾನ ಔಷಧಿ ಅಂತ ಕೊಡೋಕಾಗಲ್ಲ ನನ್ನಿಂದ."

"ಹಾಗಾದ್ರೆ ಹದಿನೆಂಟಾ?" ಎಂದರು ಹೆಡ್‌ಮಾಸ್ಟರು.

"ಇಲ್ಲ ಮೇಷ್ಟ್ರೇ. ಮಂತ್ರಿ ಗೆದ್ದ ಅನ್ನೋದಕ್ಕೆ ನಾನು ಮೊಹರು ಒತ್ತಲ್ಲ. ಅದನ್ನ ಮಕ್ಕಳು ತಡ್ಕೋತಾರೆ. ಆ ಬಾಗಿಲು, ಆ ಶಬ್ದ, ಅಷ್ಟಕ್ಕೆ. ಹದಿನಾರು."

ಅಭಿಪ್ರಾಯ ಮೂರು ದಾರಿಯಾದರೆ ಅಧ್ಯಕ್ಷರ ಮಾತೇ ಕೊನೆ. ಆಕೆ ಹದಿನಾರರ ಮೊಹರು ಒತ್ತಿದಳು. ಕೆಳಗೆ ಎಚ್ಚರಿಕೆಯ ಸಾಲಿನಲ್ಲಿ, ಮುಚ್ಚಿದ ಕೋಣೆಯೊಳಗೆ ಹೊಡೆಯುವ ಶಬ್ದ ಕೇಳಿಬರುತ್ತದೆ ಎಂದು ಬಿಡಿಸಿ ಬರೆದಳು. ಡಾಕ್ಟರು ಒಪ್ಪಲಿಲ್ಲ, ಆದರೆ ವಾದವನ್ನೂ ಬೆಳೆಸಲಿಲ್ಲ.

ಹೊರಗೆ ಮಾತ್ರ ಗುಲ್ಲೆದ್ದಿತು. ಒಂದು ಹನಿ ರಕ್ತವಿಲ್ಲದ ಸಿನಿಮಾಕ್ಕೆ ಹದಿನಾರು ಏಕೆ ಎಂದು ನಿರ್ಮಾಪಕ ಪತ್ರಕರ್ತರನ್ನು ಕರೆದು ಕೇಳಿದ. ಮಂತ್ರಿಗಳ ಕಥೆಯಲ್ಲವೇ, ಮೇಲಿನಿಂದ ಫೋನು ಬಂದಿರಬೇಕು ಎಂದು ಅವರು ಬರೆದರು. 'ಕತ್ತರಿಯಮ್ಮನಿಗೆ ಯಾರ ಭಯ?' ಎಂಬ ತಲೆಬರಹ ಬಸ್ಸಿನಲ್ಲಿ ಎದುರು ಕೂತವನ ಪೇಪರಿನಲ್ಲಿ ಆಕೆಗೇ ಕಂಡಿತು. ಮೇಲಿನಿಂದ ಯಾವ ಫೋನೂ ಬಂದಿರಲಿಲ್ಲ. ಇಷ್ಟು ವರ್ಷ ಆ ಕಚೇರಿ ಎಂಬುದೊಂದು ಇದೆಯೆಂದೇ ಮೇಲಿನವರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಕಾರಣ ಹೇಳುವ ಹಾಗಿರಲಿಲ್ಲ. ಹೇಳಿದರೆ ಶಾಲೆ ಯಾವುದು, ಮಗು ಯಾವುದು ಎಂದು ಹುಡುಕಿಕೊಂಡು ಹೋಗುತ್ತಾರೆ. ಫೋನು ಮಾಡಿದವರಿಗೆಲ್ಲ ಆಕೆ, "ಎಚ್ಚರಿಕೆಯ ಸಾಲು ಓದಿ," ಎಂದಷ್ಟೇ ಹೇಳಿದಳು. ಯಾರೂ ಓದಲಿಲ್ಲ.

ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ತಡೆಯಲಾಗದೆ ಹೋದದ್ದು ಹೊಗಳಿಕೆಯನ್ನು. ಯಾವುದೋ ಪೋಷಕರ ಸಂಘದವರು ಹೂಗುಚ್ಛ ಹಿಡಿದು ಕಚೇರಿಗೇ ಬಂದರು. "ನಮ್ಮ ಮಕ್ಕಳ ತಲೆಗೆ ಇಂಥ ರಾಜಕೀಯದ ವಿಷ ಏರದ ಹಾಗೆ ನೋಡ್ಕೊಂಡ್ರಿ ಮೇಡಂ," ಎಂದು ಅವರಲ್ಲಿ ಹಿರಿಯರೊಬ್ಬರು ಕೈ ಮುಗಿದರು. ಕತ್ತರಿಯಮ್ಮ ಹೂಗುಚ್ಛ ಹಿಡಿದುಕೊಂಡು ನಿಂತಳು. ನಾನು ಅದಕ್ಕಲ್ಲ ಮಾಡಿದ್ದು ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾರೆ. ಅವರು ಹೋದ ಮೇಲೆ ಹೂವನ್ನು ಜವಾನನ ಮೇಜಿನ ಮೇಲಿಟ್ಟು ಕಣ್ಣಿಗೆ ಹನಿ ಹಾಕಿಕೊಂಡಳು. ಆವತ್ತು ಮಧ್ಯಾಹ್ನದ ಸಿನಿಮಾದಲ್ಲಿ ಒಂದು ಕರಡಿ ಹಾಡು ಹೇಳುತ್ತಿತ್ತು.

ಮನೆಯಲ್ಲಿ ಗುಬ್ಬಿ ಹೇಳಿದ ಮಾತಿಗೆ ತಪ್ಪಲಿಲ್ಲ, ಮೌನ ಹಿಡಿದಳು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ತಾತನ ಮೂಲಕವೇ ಕೇಳುತ್ತಿದ್ದಳು. ಕೊನೆಗೊಂದು ಸಂಜೆ ಅವಳಿಗೇ ತಡೆಯಲಾಗಲಿಲ್ಲ.

"ಎಲ್ರೂ ನಿನ್ನ ಬೈತಿದಾರೆ ಅಜ್ಜಿ. ನಮ್ಮ ಹಿಸ್ಟರಿ ಮೇಡಂ ಕೂಡ ಕ್ಲಾಸಲ್ಲಿ ಬೈದ್ರು. ನೀನು ಹೆದರ್ಕೊಂಡ್ಯಾ?"

"ಇಲ್ಲ ಕಣೆ."

"ಮತ್ತೆ ಯಾಕೆ? ಹೇಳು ಅಂದ್ರೆ ಹೇಳಲ್ಲ. ನಾನು ಅವರಿಗೆ ಏನಂತ ಉತ್ತರ ಕೊಡ್ಲಿ?"

ಹೇಳಿಬಿಡಬೇಕೆಂದು ಆಕೆಗೆ ಎಷ್ಟು ಅನಿಸಿತೆಂದರೆ ಬಾಯಿಯೇ ತೆರೆಯಿತು. ಗುಬ್ಬಿ ಒಳ್ಳೆಯ ಹುಡುಗಿ. ಆದರೆ ಗುಬ್ಬಿಗೊಬ್ಬಳು ಗೆಳತಿ, ಆ ಗೆಳತಿಗೊಬ್ಬಳು ಗೆಳತಿ.

"ನಮ್ಮಜ್ಜಿ ಹೆದರಿಲ್ಲ ಅನ್ನು. ಅಷ್ಟೇ ಗೊತ್ತು ಅನ್ನು," ಎಂದಳು. "ನಂಬೋದು ಬಿಡೋದು ಅವರಿಗೆ ಬಿಟ್ಟಿದ್ದು. ನಿಂಗೂ ಬಿಟ್ಟಿದ್ದು."

ಗುಬ್ಬಿ ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಹೋಗಿ ತಟ್ಟೆ ತೊಳೆದಿಟ್ಟಳು, ಅಜ್ಜಿಯ ತಟ್ಟೆಯನ್ನೂ ಸೇರಿಸಿ.

ಸಿನಿಮಾ ಕೆಲವು ವಾರ ಓಡಿ ಥಿಯೇಟರಿನಿಂದ ಇಳಿಯಿತು. ಜನ ಬೇರೊಂದು ಗಲಾಟೆ ಹಿಡಿದುಕೊಂಡರು. ಮಕ್ಕಳಲ್ಲಿ ಅರ್ಧಕ್ಕರ್ಧ ಅದನ್ನು ಆಗಲೇ ಫೋನಿನಲ್ಲಿ ಕದ್ದು ನೋಡಿಯಾಗಿತ್ತು. ಗುಬ್ಬಿಯೂ ನೋಡಿರಬೇಕು. ಆಕೆ ಕೇಳಲಿಲ್ಲ, ಅವಳು ಹೇಳಲಿಲ್ಲ.

ನಿವೃತ್ತಿಗೆ ಮುಂಚಿನ ಒಂದು ದಿನ ಬೇರೊಂದು ಸಿನಿಮಾ ನೋಡಲು ಡಾಕ್ಟರು ಬಂದಿದ್ದರು. ದೀಪ ಆರುವ ಮೊದಲು ಪಕ್ಕಕ್ಕೆ ವಾಲಿ, "ತಾಯಿ ಮಗಳು ಇಬ್ರೂ ದೊಡ್ಡಮ್ಮನ ಮನೇಲಿದಾರೆ. ಕೇಸು ನಡೀತಿದೆ, ಅದು ಎಳೀತಾ ಹೋಗತ್ತೆ. ಹುಡುಗಿ ಶಾಲೆ ಬದಲಾಯ್ಸಿದ್ದಾಳೆ," ಎಂದರು.

"ನಿದ್ದೆ ಮಾಡ್ತಾಳಾ?"

"ಮಾಡ್ತಾಳಂತೆ. ಬಾಗಿಲು ತೆಗೆದಿಟ್ಟೇ ಮಲಗ್ತಾಳಂತೆ." ಡಾಕ್ಟರು ತಮ್ಮ ಹಲಗೆಗೆ ಕಾಗದ ಸಿಕ್ಕಿಸಿಕೊಂಡರು. "ನಾನು ಈಗಲೂ ನಿಮ್ಮ ತೀರ್ಮಾನ ಒಪ್ಪಲ್ಲ, ಗೊತ್ತಲ್ಲ?"

"ನಂಗೂ ಕೆಲವು ದಿನ ಒಪ್ಪಿಗೆ ಆಗಲ್ಲ," ಎಂದಳು ಕತ್ತರಿಯಮ್ಮ.

ಕೋಣೆ ಕತ್ತಲಾಯಿತು. ಪರದೆಯ ಮೇಲೆ ಯಾರೋ ಒಬ್ಬ ತಪ್ಪಿದ ರೈಲಿನ ಹಿಂದೆ ಓಡುತ್ತಿದ್ದ. ಆಕೆ ಕನ್ನಡಕ ಒರೆಸಿ ಹಾಕಿಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು.